ಮೂರನೆಯ ನುಡಿಗೆ ಚಿತ್ರ ಹೋಯಿತು

ಗ್ಯಾನಪ್ಪ ತೀರಿಕೊಂಡು ಐದು ತಿಂಗಳಾಯಿತು. ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿರುವ ತನ್ನ ಅಂಗಡಿಯಲ್ಲಿ ಮಧ್ಯಾಹ್ನದ ಬುತ್ತಿ ಉಂಡು, ಕೈ ತೊಳೆದು, ಸ್ಟೂಲಿನ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿದ. ಪಕ್ಕದ ಅಂಗಡಿಯವರು ನಿದ್ದೆ ಹತ್ತಿದೆ ಎಂದುಕೊಂಡರು. ಅವರದೇನೂ ತಪ್ಪಿಲ್ಲ. ಸುಳ್ಳು ನಿದ್ದೆ ಮಾಡುವುದು ಅವನ ಹಳೆಯ ಚಾಳಿ. ಗಿರಾಕಿ ಒಳಗೆ ಬಂದು ಚೌಕಾಶಿಗೆ ಬಾಯಿ ತೆರೆದನೆಂದರೆ ಅವನಿಗೆ ತಕ್ಷಣ ಗೊರಕೆ ಬರುತ್ತಿತ್ತು. ಆ ದಿನ ಗೊರಕೆ ಬರಲಿಲ್ಲ. ನಲವತ್ತೊಂಬತ್ತು ವರ್ಷ ವಯಸ್ಸು. ಡಾಕ್ಟರು ಹೃದಯ ಎಂದರು.

ಅವನು ಮಾಡುತ್ತಿದ್ದ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಹೆಸರಿಲ್ಲ. ಕೆಲವರು 'ಕ್ಯಾಮೆರಾ ಗ್ಯಾನಪ್ಪ' ಅನ್ನುತ್ತಿದ್ದರು, ಕೆಲವರು 'ವೈರ್ ಗ್ಯಾನಪ್ಪ'. ಒಂದು ಕಡೆ ನಡೆಯುವುದನ್ನು ಇನ್ನೊಂದು ಕಡೆ ಕಾಣಿಸುವಂತೆ, ಕೇಳಿಸುವಂತೆ ಮಾಡುವುದು ಅವನ ಉದ್ಯೋಗ. ಅದಕ್ಕೆ ಅವನು ಬಳಸುತ್ತಿದ್ದುದು ಕಿರುಬೆರಳಿಗಿಂತ ತೆಳುವಾದ ಒಂದೇ ವೈರು. ಒಳಗೆ ಎಂಟು ತಾಮ್ರದ ಎಳೆ, ಎರಡೆರಡು ಹೆಣೆದು ನಾಲ್ಕು ಜೋಡಿ. ಒಂದು ಜೋಡಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ, ಮೂರನೆಯದರಲ್ಲಿ ಆ ಕಡೆಯಿಂದ ಈ ಕಡೆಗೆ ಬರುವ ಧ್ವನಿ. ನಾಲ್ಕನೆಯ ಜೋಡಿ ಏನು ಮಾಡುತ್ತದೆ ಎಂದು ಕೇಳಿದರೆ, "ಅದು ಗೌರ್ಮೆಂಟ್ ನೌಕರಿ ಮಾಡತೈತಿ, ಸುಮ್ನ ಕುಂದರತೈತಿ" ಅನ್ನುತ್ತಿದ್ದ. ನಾನು ಸರಕಾರಿ ಕಾಲೇಜಿನ ಮೇಷ್ಟ್ರು. ಈ ಮಾತನ್ನು ನನ್ನ ಮುಂದೆ ತಪ್ಪದೆ ಹೇಳುತ್ತಿದ್ದ.

ಎಂಟನೆಯ ಇಯತ್ತೆಯಿಂದ ನಾವಿಬ್ಬರೂ ಒಂದೇ ಬೆಂಚು. ಸವಡಿಯಲ್ಲಿ ಅವನ ತಾಯಿ ಮರಿಯವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಇವನನ್ನು ರೋಣದ ಹಾಸ್ಟೆಲಿಗೆ ಹಾಕಿದ್ದಳು. ಹಾಸ್ಟೆಲಿನಲ್ಲಿ ಅವನು ಮೊದಲು ಬಿಚ್ಚಿದ್ದು ಕೆಟ್ಟುಹೋದ ಎರಡು ಟೆಲಿಫೋನುಗಳನ್ನು. ಕಿವಿಗೆ ಹಿಡಿಯುವ ಗುಂಡಿಯನ್ನೇ ಬಾಯಿಯಾಗಿಯೂ ಬಳಸಬಹುದು ಎಂದು ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಒಂದನ್ನು ಮಾಸ್ತರರ ಕೋಣೆಯ ಕಪಾಟಿನ ಹಿಂದೆ ಸಿಕ್ಕಿಸಿ, ತಂತಿಯನ್ನು ನಮ್ಮ ವರ್ಗದ ತನಕ ಎಳೆದ. ಪರೀಕ್ಷೆಯ ಪ್ರಶ್ನೆಗಳು ಕೇಳಿಸುತ್ತವೆಂದು ನಾವು ಎಂಟು ದಿನ ಸರದಿಯ ಮೇಲೆ ಕಿವಿ ಹಚ್ಚಿದೆವು. ಕೇಳಿಸಿದ್ದು ಉಳ್ಳಾಗಡ್ಡಿಯ ದರ, ಒಬ್ಬ ಮಾಸ್ತರರ ಗೊರಕೆ, ಮತ್ತು ಒಂಬತ್ತನೆಯ ದಿನ ಹೆಡ್‌ಮಾಸ್ತರರ ಧ್ವನಿ: "ಕೇಳಾಕತ್ತೋರು ಎಲ್ಲಾರೂ ಹೊರಗ ಬರ್ರಿ." ಪೆಟ್ಟು ತಿಂದ ಮೇಲೂ ಗ್ಯಾನಪ್ಪ ಹಿಗ್ಗಿದ್ದ. "ಎಷ್ಟು ಕ್ಲಿಯರ್ ಬಂತು ನೋಡಿದ್ಯಾ?" ಎಂದ.

ಪಿಯುಸಿಯಲ್ಲಿ ಎರಡು ಸಲ ಕೂತು ಏಳಲಾರದೆ ಪುಣೆಗೆ ಹೋದ. ಅಲ್ಲಿ ಕೇಬಲ್ ಎಳೆಯುವ ಗುಂಪಿನಲ್ಲಿ ಆರು ವರ್ಷ ದುಡಿದು, ಒಂದು ಪೆಟ್ಟಿಗೆ ವೈರು, ತುದಿ ಕಟ್ಟುವ ಒಂದು ಇಕ್ಕಳ ಮತ್ತು ಬೇರೆಯವರು ಕಟ್ಟಿದ ತುದಿಗಳ ಮೇಲೆ ವಿಪರೀತ ತಿರಸ್ಕಾರ ಹೊತ್ತುಕೊಂಡು ತಿರುಗಿ ಬಂದ. ತುದಿ ಕಟ್ಟುವುದೆಂದರೆ ಎಂಟು ಎಳೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿ, ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ ತೂರಿಸಿ, ಇಕ್ಕಳದಿಂದ ಅದುಮುವುದು. ನೋಡಲು ಏನೂ ಅಲ್ಲ. ಆದರೆ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಿದವನ ಅಂಗಡಿಯಲ್ಲಿ ಅವನು ಚಹಾ ಸಹ ಕುಡಿಯುತ್ತಿರಲಿಲ್ಲ.

ಬೆಳವಣಕಿಯ ಕವಿತಾಳನ್ನು ಮದುವೆಯಾದ. ವರ್ಷದೊಳಗೆ ಆಕೆ ತುದಿ ಕಟ್ಟುವುದನ್ನು ಅವನಿಗಿಂತ ಚೆನ್ನಾಗಿ ಕಲಿತಳು. ಸೊಪ್ಪು ಸೋಸುವಾಗಿನ ಹಾಗೆ ಕಾಲು ಚಾಚಿ ಕೂತು, ಬೇರೆ ಕಡೆ ನೋಡುತ್ತ, ಬೆರಳಲ್ಲೇ ಎಂಟೂ ಎಳೆ ಸರಿ ಮಾಡುತ್ತಿದ್ದಳು. ಅಂಗಡಿಯಿಂದ ಹೊರಬೀಳುವ ತುದಿಗಳಲ್ಲಿ ಮುಕ್ಕಾಲು ಪಾಲು ಆಕೆಯವೇ. ಇದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಊರಿಗೆ ಮಾತ್ರ ಅವನು ಎಂದೂ ಹೇಳಲಿಲ್ಲ.

ಒಂದು ವರ್ಷ ಹೊಳೆಮಣ್ಣೂರಿನಲ್ಲಿ ಮಲಪ್ರಭೆಯ ದಂಡೆಗೆ ಕ್ಯಾಮೆರಾ ಕಟ್ಟಿ, ಪಂಚಾಯಿತಿ ಕಟ್ಟೆಯ ಟಿವಿಯ ತನಕ ವೈರು ತಂದ. ನೀರು ಏರಿದರೆ ಜನ ಕೂತಲ್ಲೇ ನೋಡಿ ಗಂಟು ಕಟ್ಟಲಿ ಎಂಬುದು ಉದ್ದೇಶ. ಮಳೆಗಾಲ ಇನ್ನೂ ದೂರವಿತ್ತು. ಆದರೂ ಊರಿನ ಹೆಂಗಸರು ದಿನಾ ಸಂಜೆ ಬಂದು ಒಣ ಹೊಳೆಯನ್ನು ಧಾರಾವಾಹಿಯ ಹಾಗೆ ನೋಡತೊಡಗಿದರು. ಒಬ್ಬಾಕೆ, "ತಮ್ಮಾ, ಅದನ್ನ ಒಂದೀಟು ಎಡಕ್ಕ ಹೊಳ್ಳಸು, ನನ್ನ ಎಮ್ಮಿ ಕಾಣವಲ್ದು" ಎಂದಳು. ಇವನು ಹೊಳ್ಳಿಸಿಯೂ ಬಿಟ್ಟ. ಮುಂದಿನ ಹದಿನೈದು ದಿನ ಪಂಚಾಯಿತಿಯಲ್ಲಿ ಹೊಳೆಯ ಬದಲು ಎಮ್ಮೆ ಮೆಲುಕು ಹಾಕುತ್ತಿತ್ತು.

ಇಂಥವು ನೂರು ಇವೆ. ನಾನು ಬರೆಯಬೇಕೆಂದದ್ದು ನಮ್ಮ ಮನೆಯ ಮದುವೆಯ ಸಂಗತಿ.

ನಮ್ಮ ಅವ್ವ ವೆಂಕೂಬಾಯಿ ನರಗುಂದದಲ್ಲಿ ನಮ್ಮಣ್ಣ ಮುಕುಂದನ ಮನೆಯಲ್ಲಿರುತ್ತಾಳೆ. ನಮ್ಮ ಬಳಗದ ಮದುವೆಗಳಲ್ಲಿ ಮಂಗಲಾಷ್ಟಕ ಆಕೆಯದೇ. ವಧುವರರ ನಡುವೆ ಅಂತರಪಟದ ಬಿಳಿ ಬಟ್ಟೆ ಹಿಡಿದಿರುವಾಗ ಎಂಟು ನುಡಿ ಹಾಡಬೇಕು. ಪ್ರತಿ ನುಡಿಯ ಕೊನೆಗೆ 'ಸಾವಧಾನ' ಎಂದಾಗ ಜನ ಅಕ್ಷತೆ ಹಾಕಬೇಕು. ಎಂಟನೆಯದು ಮುಗಿಯುವುದಕ್ಕೂ ಮುಹೂರ್ತದ ಗಳಿಗೆಗೂ ಸರಿಹೋಗಬೇಕು. ಅವ್ವ ಪ್ರತಿ ಮದುವೆಗೂ ಹೊಸ ನುಡಿಗಳನ್ನು ತಾನೇ ಕಟ್ಟುತ್ತಾಳೆ. ಎರಡೂ ಮನೆಯ ಹಿರಿಯರ ಹೆಸರು ಬರುತ್ತವೆ, ಕುಲದೇವರು ಬರುತ್ತಾನೆ, ಅಲ್ಲಲ್ಲಿ ಬೀಗಿತ್ತಿಗೆ ಒಂದು ಚಿವುಟು ಸಹ ಬರುತ್ತದೆ. ಒಮ್ಮೆ ಬೀಗರ ಮನೆಯಲ್ಲಿ ಉಪ್ಪಿಲ್ಲದ ಅವಲಕ್ಕಿ ತಿಂದು ಬಂದವಳು ಮದುವೆಯಲ್ಲಿ ಬೀಗಿತ್ತಿಯನ್ನು 'ಲವಣದ ಮೋಹ ಬಿಟ್ಟ ವೈರಾಗ್ಯಶಾಲಿನಿ' ಎಂದು ಹೊಗಳಿದ್ದಳು. ಬೀಗಿತ್ತಿ ಹಿಗ್ಗಿ ನಮಸ್ಕಾರ ಮಾಡಿದ್ದರು.

ಅಪ್ಪ ಹೋದ ಮೇಲೆ ಅವ್ವ ಹಾಡುವುದನ್ನು ಬಿಟ್ಟಳು. ಹಿಂದೆ ಸರಿ ಎಂದು ಯಾರೂ ಹೇಳಲಿಲ್ಲ, ಆಕೆಯೇ ಸರಿದಳು. ಮಂಗಲ ಕಾರ್ಯದಲ್ಲಿ ಎದುರಿಗೆ ಬರುವುದಿಲ್ಲವೆಂದು ದೇವರ ಮುಂದೆ ನೇಮ ಹಿಡಿದಳು. ಆರು ವರ್ಷದ ಹಿಂದೆ ಅಣ್ಣನ ಮಗಳು ಮಯೂರಿಯ ಮದುವೆ ನಿಶ್ಚಯವಾದಾಗ ಇದೇ ತೊಡಕಾಯಿತು.

"ಅಜ್ಜಿ ಹಾಡಲಿಲ್ಲ ಅಂದ್ರ ನಾ ಅಂತರಪಟದ ಹಿಂದ ನಿಲ್ಲಂಗಿಲ್ಲ" ಎಂದಳು ಮಯೂರಿ.

"ನೀ ನಿಲ್ಲಬ್ಯಾಡ, ಕುರ್ಚಿ ತರಸೋಣ. ನಾ ಬರಂಗಿಲ್ಲ" ಎಂದಳು ಅವ್ವ.

ಮೊಮ್ಮಗ ಪವನ ಮೊಬೈಲಿನಲ್ಲಿ ದಾರಿ ಹುಡುಕಿದ. ಅಜ್ಜಿ ಹಿಂದಿನ ಕೋಣೆಯಲ್ಲಿ ವಿಡಿಯೋ ಕಾಲ್‌ನಲ್ಲಿ ಹಾಡುವುದು, ಹಾಲ್‌ನಲ್ಲಿ ಸ್ಪೀಕರಿಗೆ ಹಚ್ಚುವುದು. ಮನೆಯಲ್ಲೇ ಒಂದು ಸಲ ಮಾಡಿ ನೋಡಿದರು. ಪುರೋಹಿತ ಜಯತೀರ್ಥಾಚಾರ್ಯರು 'ಸಾವಧಾನ' ಎಂದಾಗ ಅವ್ವ ಇನ್ನೂ ಹಿಂದಿನ ಸಾಲಿನಲ್ಲಿದ್ದಳು. ಅವ್ವನ 'ಸಾವಧಾನ' ಬಂದಾಗ ಆಚಾರ್ಯರು ಮುಂದಿನ ನುಡಿ ಶುರು ಮಾಡಿದ್ದರು. ಒಂದೆರಡು ಸೆಕೆಂಡಿನ ವಿಳಂಬ. ಎರಡು ನುಡಿಯಾಗುವಷ್ಟರಲ್ಲಿ ಇಬ್ಬರೂ ಸಿಟ್ಟಾಗಿ ನಿಲ್ಲಿಸಿದರು.

ಈ ಸುದ್ದಿಯನ್ನು ನಾನು ಗ್ಯಾನಪ್ಪನ ಅಂಗಡಿಯಲ್ಲಿ ನಗುತ್ತ ಹೇಳಿದೆ. ಅವನು ನಗಲಿಲ್ಲ. ಆ ರವಿವಾರವೇ ನರಗುಂದಕ್ಕೆ ಬಂದು ಅವ್ವನ ಎದುರು ಕೂತ.

"ಅವ್ವಾರ, ನೀವು ಬರಬ್ಯಾಡ್ರಿ. ನಿಮ್ಮ ಧ್ವನಿ ಅಷ್ಟ ಬರಲಿ. ನನ್ನ ವೈರಿನಾಗ ತಡಾ ಅನ್ನೂದು ಇಲ್ಲ. ನೀವು ಉಸಿರು ಬಿಟ್ರ ಅಲ್ಲಿ ಕೇಳಸತೈತಿ."

"ನಡುವ ಅಡಿಗಿ ಮನಿ ಅದ. ರುಬ್ಬೋ ಮಶೀನ್ ಗುರ್ ಅಂತಿರ್ತದ. ನನ್ನ ಹಾಡಿನಾಗ ಅದೂ ಹಾಡಬೇಕೇನು?"

ಗ್ಯಾನಪ್ಪ ಕಿಸೆಯಿಂದ ಒಂದು ಚೂರು ವೈರು ತೆಗೆದು ಸಿಪ್ಪೆ ಸುಲಿದು ತೋರಿಸಿದ. "ಯಾಕ ಹೆಣದಾರ ಗೊತ್ತೇನ್ರಿ? ನಿಮ್ಮ ಹಾಡಿಗೆ ಒಂದು ತಂತಿ ಹೌದು ಅಂತೈತಿ, ಇನ್ನೊಂದು ಅಲ್ಲ ಅಂತೈತಿ. ಹೊರಗಿನ ಗದ್ದಲಕ್ಕ ಮಾತ್ರ ಎರಡೂ ಹೌದು ಅಂತಾವ, ಯಾಕಂದ್ರ ಒಂದಕ್ಕೊಂದು ಸುತಗೊಂಡು ಕುಂತಾವಲ್ರಿ, ಇಬ್ಬರಿಗೂ ಒಂದ ಸಮ ಕೇಳಸತೈತಿ. ಆ ತುದಿಯಾಗ ನನ್ನ ಡಬ್ಬಿ ಕುಂತಿರತೈತಿ. ಇಬ್ಬರೂ ಕೂಡಿ ಹೌದು ಅಂದದ್ದನ್ನ ತಗದು ಒಗಿತೈತಿ. ಜಗಳಾಡಿದ್ದನ್ನ ಅಷ್ಟ ಇಟಗೊಳ್ಳತೈತಿ."

ಅವ್ವ ಆ ಚೂರನ್ನು ಮುಟ್ಟದೆ ಬಗ್ಗಿ ನೋಡಿದಳು. "ನಾ ಅವತ್ತು ಮಡಿಲೆ ಇರ್ತೀನಿ. ಇದು ಎಲ್ಲೆಲ್ಲಿ ಬಿದ್ದು ಹೊರಳಿ ಬಂದಿರ್ತದೋ."

"ಮ್ಯಾಲಿನ ಸಿಪ್ಪಿ ಹೊರಳಿರತೈತ್ರಿ. ಒಳಗಿನ ತಾಮ್ರಕ್ಕ ಗಾಳಿ ಸೈತ ಮುಟ್ಟಿಲ್ಲ. ಇಷ್ಟು ಮಡಿ ನಿಮಗೂ ಆಗಂಗಿಲ್ಲ."

ಅವ್ವನಿಗೆ ನಗು ಬಂತು, ತಡೆದುಕೊಂಡಳು. ಆಚಾರ್ಯರನ್ನು ಕೇಳದೆ ಆಗುವುದಿಲ್ಲ ಎಂದಳು. ಅವರನ್ನೂ ಗ್ಯಾನಪ್ಪನೇ ಕೇಳಿದ.

"ಧ್ವನಿ ಆಕಾಶದ ಗುಣ" ಎಂದರು ಆಚಾರ್ಯರು. "ಆಕಾಶಕ್ಕ ಯಾವ ದೋಷ?"

"ಆಕಾಶ ಅಲ್ರಿ ಆಚಾರ್ರ, ತಾಮ್ರ."

"ತಾಮ್ರ ಆದ್ರಂತೂ ಪ್ರಶ್ನೇನ ಇಲ್ಲ. ತೀರ್ಥದ ತಂಬಿಗಿ ಯಾತರದ್ದೋ?"

ಹೀಗೆ ಅವ್ವನ ನೇಮವೂ ಉಳಿಯಿತು, ಮಯೂರಿಯ ಹಟವೂ ಉಳಿಯಿತು. ಮಂಟಪದ ಹತ್ತಿರ ಒಂದು ಕ್ಯಾಮೆರಾ, ಅವ್ವನ ಕೋಣೆಯಲ್ಲಿ ಒಂದು ಹಳೆಯ ಡಬ್ಬಾ ಟಿವಿ, ಕೈಯಲ್ಲಿ ಮೈಕು. ಅಂತರಪಟವನ್ನೂ ಆಚಾರ್ಯರ ಕೈಸನ್ನೆಯನ್ನೂ ಟಿವಿಯಲ್ಲಿ ನೋಡುತ್ತ ಆಕೆ ಹಾಡಬೇಕು.

ಮದುವೆಯ ಮುನ್ನಾದಿನ ಗ್ಯಾನಪ್ಪನಿಗೆ ಆದ ತಾಪತ್ರಯ ಅಷ್ಟಿಷ್ಟಲ್ಲ. ಅವ್ವ ಮೂರು ಕೋಣೆ ಬದಲಿಸಿದಳು. ಒಂದರಲ್ಲಿ ಬಳ್ಳೊಳ್ಳಿ ವಾಸನೆ, ಇನ್ನೊಂದರಲ್ಲಿ ಯಾರೋ ಚಪ್ಪಲಿ ಬಿಟ್ಟಿದ್ದರು. ಕೊನೆಗೆ ಅವಳು ಇನ್ನೆಲ್ಲಿ ಹೋಗಿ ಕೂಡುತ್ತಾಳೋ ಎಂಬ ಭಯಕ್ಕೆ, ಗೇಣು ವೈರೂ ದಂಡ ಮಾಡದ ಗ್ಯಾನಪ್ಪ ಮೈಕಿಗೆ ಇಪ್ಪತ್ತು ಮಾರು ಹೆಚ್ಚಿಗೆ ವೈರು ಬಿಟ್ಟು, ಸುರುಳಿ ಸುತ್ತಿ ಅವಳ ಕುರ್ಚಿಯ ಕೆಳಗೆ ಇಟ್ಟ. ಕವಿತಾ ತವರಿಗೆ ಹೋಗಿದ್ದಳು. ಎಲ್ಲಾ ತುದಿಗಳನ್ನೂ ಅವನೇ ಕಟ್ಟಿದ.

ಸ್ಪೀಕರು, ಆಂಪ್ಲಿಫೈಯರು ಗಜೇಂದ್ರಗಡದ ಖಾದರನವು. ಖಾದರ ಮೂವತ್ತು ವರ್ಷದಿಂದ ಮೈಕ್ ಸೆಟ್ ಬಾಡಿಗೆ ಕೊಡುವವನು. ಗ್ಯಾನಪ್ಪನ ಗೆಳೆಯನೂ ಹೌದು, ಅವನು ಎಡವುವುದನ್ನೇ ಕಾಯುವವನೂ ಹೌದು. ಮುಹೂರ್ತಕ್ಕೆ ಮೊದಲು ಇಬ್ಬರೂ ಮಂಟಪದ ಬದಿಗೆ ಆಂಪ್ಲಿಫೈಯರಿನ ಹತ್ತಿರ ಕೂತಿದ್ದರು.

ಆಚಾರ್ಯರು ಕೈ ಎತ್ತಿದರು. ಹಿಂದಿನ ಕೋಣೆಯಲ್ಲಿ ಅವ್ವ ಶುರು ಮಾಡಿದಳು.

ಎರಡು ವರ್ಷ ಕೇಳದೆ ಇದ್ದ ಧ್ವನಿ ಎರಡೂ ಸ್ಪೀಕರಿನಿಂದ ಬಂದಾಗ ಮಯೂರಿ ಅಲ್ಲೇ ಅಳತೊಡಗಿದಳು. ಮೊದಲ ನುಡಿಯ 'ಸಾವಧಾನ' ಆಚಾರ್ಯರ ಬಾಯಿಂದಲೂ ಸ್ಪೀಕರಿನಿಂದಲೂ ಒಟ್ಟಿಗೆ ಬಂತು. ಅಕ್ಷತೆ ಬಿತ್ತು. ಗ್ಯಾನಪ್ಪ ಖಾದರನಿಗೆ ಕಣ್ಣು ಹೊಡೆದ. ಎರಡನೆಯದೂ ಹಾಗೇ ಆಯಿತು.

ಮೂರನೆಯ ನುಡಿಯ ನಡುವೆ ಅವ್ವನ ಟಿವಿ ನೀಲಿಯಾಯಿತು. ಧ್ವನಿ ಇತ್ತು, ಚಿತ್ರ ಹೋಯಿತು.

ಅವ್ವನಿಗೆ ಈಗ ಅಂತರಪಟ ಕಾಣದು, ಆಚಾರ್ಯರ ಕೈ ಕಾಣದು. ಯಾರನ್ನಾದರೂ ಕೂಗೋಣವೆಂದರೆ ಬಾಯಲ್ಲಿ ಹಾಡಿದೆ. ಮಂಗಲಾಷ್ಟಕವನ್ನು ನಡುವೆ ನಿಲ್ಲಿಸುವುದು ಎಂದರೆ ಆಕೆಯ ಪಾಲಿಗೆ ಮೊಮ್ಮಗಳ ಸಂಸಾರವನ್ನು ನಡುವೆ ನಿಲ್ಲಿಸಿದಂತೆ. ಸಾಲನ್ನು ಎಳೆದಳು, ಇನ್ನಷ್ಟು ಎಳೆದಳು, ಎದ್ದಳು. ಮೈಕು ಕೈಯಲ್ಲೇ ಇತ್ತು. ಕುರ್ಚಿಯ ಕೆಳಗಿನ ಸುರುಳಿ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತ ಆಕೆಯ ಹಿಂದೆ ಹೊರಟಿತು. ಅಡುಗೆಮನೆ ದಾಟಿದಳು, ಹೋಳಿಗೆ ಲಟ್ಟಿಸುತ್ತಿದ್ದವರು ಲಟ್ಟಣಿಗೆ ಹಿಡಿದೇ ಎದ್ದು ನಿಂತರು. ಊಟದ ಹಾಲ್ ದಾಟಿದಳು. ನಾಲ್ಕನೆಯ ನುಡಿಗೆ ಮದುವೆಯ ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು, ಅಂತರಪಟದ ಎದುರಿಗೇ, ನಾನೂರು ಜನರ ಮುಂದೆ, ಹಾಡುತ್ತ.

ಯಾರು ಏನು ಅಂದರೂ ಆಕೆಗೆ ಕೇಳಿಸುತ್ತಿರಲಿಲ್ಲ. ಉಳಿದ ನಾಲ್ಕು ನುಡಿಗಳನ್ನು ಮಯೂರಿಯ ಮುಖ ನೋಡುತ್ತಲೇ ಹಾಡಿದಳು. ಎಂಟನೆಯದು ಮುಹೂರ್ತದ ಗಳಿಗೆಗೆ ಹೊಂದಿ ಮುಗಿಯಿತು. ಅಂತರಪಟ ಇಳಿಯಿತು. ಅವ್ವ ತನ್ನ ಪಾದದ ಹತ್ತಿರ ಬಿದ್ದ ಅಕ್ಷತೆ ನೋಡಿದಳು, ಕೈಯಲ್ಲಿನ ಮೈಕು ನೋಡಿದಳು. ಆಮೇಲೆ ಸರ್ರನೆ ತಿರುಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇತ್ತ ಆಂಪ್ಲಿಫೈಯರಿನ ಹತ್ತಿರ ಖಾದರ ಎದ್ದು ನಿಂತಿದ್ದ.

"ಏನೋ ಗ್ಯಾನ್ಯಾ, ಅಮ್ಮಾ ಎದ್ದು ಬಂದ್ರು ಅಂದ್ರ ಚಿತ್ರ ಹೋತಲ್ಲೋ! ತುದಿ ಸಡ್ಲಾತೇನು? ಊರ ಮಂದಿ ತುದಿಗೆಲ್ಲಾ ಹೆಸರಿಡೋ ಮಗನ!"

ಗ್ಯಾನಪ್ಪನ ಮುಖ ಬೂದಿಯಾಗಿತ್ತು. ಒಂದು ಗಳಿಗೆ, ಅಷ್ಟೇ. ಆಮೇಲೆ ಹಲ್ಲು ಕಿರಿದ.

"ತಾನ ಹೋಗಾಕ ಅದೇನು ನಿನ್ನ ಮೈಕೇನು? ನಾನ ತಗದೆ. ಮುದುಕಿ ಹೊರಗ ಬಂದು ಹಾಡ್ಲಿ ಅಂತ."

"ಸುಳ್ಳು!"

"ಸುಳ್ಳಾದ್ರ ಇಪ್ಪತ್ತು ಮಾರು ವೈರ್ ಯಾಕ ಬಿಡ್ತಿದ್ದೆ? ನಾ ಎಂದರ ಗೇಣು ವೈರ್ ದಂಡ ಮಾಡಿದ್ದು ನೋಡೀಯೇನು?"

ಖಾದರ ಆಂಪ್ಲಿಫೈಯರಿನ ಕಡೆ ತಿರುಗಿ ಕೂತ. ಮೊದಲ ಪಂಕ್ತಿಗೆ ಎಲೆ ಹಾಕುವಷ್ಟರಲ್ಲಿ, ಗ್ಯಾನಪ್ಪ ಬೇಕೆಂದೇ ವೈರು ಕಿತ್ತು ವೆಂಕೂಬಾಯಿಯವರನ್ನು ಹೊರಗೆ ತಂದನಂತೆ ಎಂದು ಇಡೀ ಮದುವೆಗೆ ಗೊತ್ತಾಗಿತ್ತು. ಕೆಲವರು ಅವನ ಬೆನ್ನು ತಟ್ಟಿದರು. ನಮ್ಮಣ್ಣ ಮುಕುಂದ ಮಾತ್ರ, "ನೇಮ ಮುರಿಸೋ ಅಧಿಕಾರ ಅವಂಗ ಯಾರು ಕೊಟ್ರು?" ಎಂದು ಹಲ್ಲು ಕಡಿದ.

ಅವ್ವ ಹೇಳಿ ಕಳಿಸಿದಳು. ನಾನೂ ಜೊತೆಗೆ ಹೋದೆ. ಕೋಣೆಯಲ್ಲಿ ಟಿವಿ ಇನ್ನೂ ನೀಲಿಯಾಗಿತ್ತು. ಅವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಖರೇ ಹೇಳು ಗ್ಯಾನ್ಯಾ. ನೀ ತಗದ್ಯೋ, ತಾನ ಹೋತೋ?"

ಉತ್ತರಕ್ಕೆ ಕಾಯದೆ ಆಕೆಯೇ ಮಾತು ಮುಂದುವರಿಸಿದಳು. "ತಾನ ಹೋಗಿದ್ರ, ನಾನ ಎದ್ದು ಬಂದೆ ಅಂತ ಆತು. ದೇವರ ಮುಂದ ಹಿಡದ ನೇಮ ನಾನ ಮುರದಂಗ ಆತು. ನೀ ತಗದಿದ್ರ..."

ಗ್ಯಾನಪ್ಪ ನನ್ನ ಕಡೆ ಒಂದು ಸಲ ನೋಡಿದ.

"ನಾನ ತಗದೇರಿ ಅವ್ವಾರ."

"ಖರೇನ?"

"ಖರೇನ್ರಿ."

"ಅಂದ್ರ ನಾ ಬರಲಿಲ್ಲ. ನೀ ಎಳಕೊಂಡು ಬಂದಿ."

"ಹೌದ್ರಿ. ವೈರ್ ಹಚ್ಚಿ ಎಳದೆ."

"ಪಾಪ ನಿಂದು."

"ನಂದ ರೀ."

ಅವ್ವ ದೊಡ್ಡದೊಂದು ಉಸಿರು ಬಿಟ್ಟು ಇತ್ತ ತಿರುಗಿದಳು. ಅಪ್ಪ ಹೋದ ಮೇಲೆ ಆ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. "ಹೋಗು, ಉಣ್ಣು ಹೋಗು. ಲಫಂಗ" ಎಂದಳು.

ಸಂಜೆ ಸಾಮಾನು ಬಿಚ್ಚುವಾಗ ಗ್ಯಾನಪ್ಪ ನನ್ನನ್ನು ಮೂಲೆಗೆ ಕರೆದು ಒಂದು ಪ್ಲಗ್ಗನ್ನು ಬೆಳಕಿಗೆ ಹಿಡಿದ. ಎಂಟು ಎಳೆಗಳಲ್ಲಿ ಏಳು ತುದಿ ಮುಟ್ಟಿದ್ದವು. ಕಿತ್ತಳೆ ಬಣ್ಣದ್ದೊಂದು ಕೂದಲೆಳೆಯಷ್ಟು ಹಿಂದೆ ಉಳಿದಿತ್ತು. ಬೆಳಗಿನ ತಂಪಿನಲ್ಲಿ ಹೇಗೋ ಮುಟ್ಟಿಕೊಂಡಿದ್ದದ್ದು ಹಾಲ್ ಕಾದ ಮೇಲೆ ಬಿಟ್ಟುಕೊಟ್ಟಿತ್ತು. ಅವನು ಏನನ್ನೂ ತೆಗೆದಿರಲಿಲ್ಲ. ಹದಿನೆಂಟು ವರ್ಷದ ಕಸುಬಿನಲ್ಲಿ ಅವನ ಕೈ ತಪ್ಪಿದ್ದು ಆ ಒಂದು ಸಲ.

"ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದ. "ಕಳ್ಳ ಅನ್ಲಿ, ಲಫಂಗ ಅನ್ಲಿ, ಬೇಕಾದ್ದನ್ಲಿ. ತುದಿ ಕಟ್ಟಾಕ ಬರಂಗಿಲ್ಲ ಅನ್ನಬಾರ್ದು."

"ಅವ್ವನ ಮುಂದ ಸುಳ್ಳು ಹೇಳಿದ್ದೂ ಅದಕ್ಕೇನೋ?"

"ಮತ್ತ್ಯಾತಕ್ಕ?" ಎಂದು ಪ್ಲಗ್ಗನ್ನು ಕತ್ತರಿಸಿ ಕಿಸೆಗೆ ಹಾಕಿಕೊಂಡ. ಅದೊಂದೇ ಕಾರಣವೆಂದು ನಾನು ಅಂದೂ ನಂಬಲಿಲ್ಲ. ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ಈಗ ಬಯಲು ಮಾಡುತ್ತಿದ್ದೇನೆ. ಅವನು ಎದ್ದು ಬಂದು ನನ್ನ ಜೊತೆ ಜಗಳಕ್ಕೆ ನಿಂತರೆ ಅದಕ್ಕಿಂತ ಬೇರೆ ಏನೂ ಬೇಡ.

ಎರಡು ವರ್ಷದ ಮೇಲೆ ನಮ್ಮಕ್ಕನ ಮಗಳು ಅರ್ಚನಾಳ ಮದುವೆ. ಹದಿನೈದು ದಿನ ಮೊದಲೇ ಅವ್ವ ರೋಣಕ್ಕೆ ಫೋನ್ ಮಾಡಿದಳು.

"ಗ್ಯಾನ್ಯಾ, ವೈರ್ ಹಾಕಬೇಕಲ್ಲೋ."

"ಈಗ ಹೊರಗ ಬಂದ ಹಾಡ್ತೀರಲ್ರಿ, ಇನ್ನ ವೈರ್ ಯಾಕ್ರಿ?"

"ನಾ ಎಲ್ಲಿ ಬರ್ತೀನಿ? ನನ್ನ ನೇಮ ಅದ. ನೀ ವೈರ್ ತಗದು ಎಳದ್ರ ಬರಬೇಕಾಗ್ತದ, ಏನ್ ಮಾಡ್ಲಿ?"

ಅಂದಿನಿಂದ ಅದು ನಮ್ಮ ಮನೆಯ ಮದುವೆಗಳ ಪದ್ಧತಿಯೇ ಆಗಿಹೋಯಿತು. ಹಿಂದಿನ ಕೋಣೆಗೆ ಶಾಸ್ತ್ರೋಕ್ತವಾಗಿ ವೈರು ಹೋಗಬೇಕು, ಟಿವಿ ಕೂಡಬೇಕು, ಅವ್ವ ಮಡಿಯಿಂದ ಹೋಗಿ ಕೂತು ಮೂರು ನುಡಿ ಹಾಡಬೇಕು, ಮೂರನೆಯದಕ್ಕೆ ಗ್ಯಾನಪ್ಪ ಮಂಟಪದ ಹತ್ತಿರ ಕ್ಯಾಮೆರಾದ ಪ್ಲಗ್ಗು ಮಾತ್ರ ಕೀಳಬೇಕು, ಅವ್ವ ಅಯ್ಯೋ ಎಂಬ ಮುಖ ಮಾಡಿಕೊಂಡು ಹೊರಗೆ ಬರಬೇಕು. ಅರ್ಚನಾಳ ಮದುವೆಯಲ್ಲಿ ಅವನು ಬೇಕೆಂದೇ ಕೀಳಲಿಲ್ಲ. ನಾಲ್ಕಾಯಿತು, ಐದಾಯಿತು, ಕೈ ಕಟ್ಟಿ ಸ್ಪೀಕರಿನ ಕಡೆ ನೋಡುತ್ತ ಕೂತ. ಆರನೆಯ ನುಡಿಯ ನಡುವೆ ಅದೇ ಧಾಟಿಯಲ್ಲಿ, ಅದೇ ರಾಗದಲ್ಲಿ, "ಗ್ಯಾನ್ಯಾ ನೀ ಎಲ್ಲಿ ಸತ್ತಿ, ತಗಿಯೋ ಲಗೂನಾ" ಎಂದು ಒಂದು ಸಾಲು ಬಂತು. ಅರ್ಧ ಹಾಲ್ ಅದನ್ನೂ ಮಂಗಲವೆಂದೇ ತಿಳಿದು ಅಕ್ಷತೆ ಹಾಕಿತು. ಆಚಾರ್ಯರು ಅಂತರಪಟದಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಹೀಗೆ ನಾಲ್ಕು ಮದುವೆಗಳಾದವು. ನಾಲ್ಕು ಸಲವೂ ಪಾಪ ಗ್ಯಾನಪ್ಪನದಾಯಿತು.

ಹೋದ ತಿಂಗಳು ಅಣ್ಣನ ಮಗ ಪವನನ ಮದುವೆ. ಗ್ಯಾನಪ್ಪ ಇರಲಿಲ್ಲ. ಅಂಗಡಿಯನ್ನು ಕವಿತಾ ನಡೆಸುತ್ತಿದ್ದಾಳೆ. ಅವ್ವ ಎರಡು ವಾರ ಆ ಸುದ್ದಿಯನ್ನೇ ತೆಗೆಯಲಿಲ್ಲ. ನುಡಿಗಳನ್ನು ಕಟ್ಟಿದ್ದಳು, ಎಲ್ಲಿಂದ ಹಾಡುವವಳು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಒಂದು ದಿನ ತಾನೇ ಅಂದಳು, "ಕವಿತಾಗ ಹೇಳಿ ಕಳಸು."

ಮುಕುಂದ ಕಸಿವಿಸಿಗೊಂಡ. "ಆಕಿ ಗಂಡ ಹೋಗಿ ನಾಕು ತಿಂಗಳಾಗ್ಯಾವವ್ವಾ. ಹಂತಾಕಿ ಮಂಟಪದ ಬಾಜೂಕ ಬಂದು ಕೂಡೋದು... ಬೀಗರು ಏನಂತಾರ?"

"ಆಂಪ್ಲಿಫೈಯರ್ ಎಲ್ಲಿ ಇರ್ತದ?"

"ಮಂಟಪದ ಬಾಜೂಕ."

"ಮತ್ತ ಆಕಿ ಹಿಂದ ಕೂತು ಹ್ಯಾಂಗ ತಗೀತಾಳ? ಆಕಿ ಕೈ ಏನು ಇನ್ನೂರು ಅಡಿ ಉದ್ದ ಅದ ಏನು?"

ನಾನು ಹೋಗಿ ಕೇಳಿದೆ. ಕವಿತಾ ಮೊದಲು ಒಲ್ಲೆನೆಂದಳು. ಆಮೇಲೆ, "ಅವ್ವಾರು ಕರದಾರಂದ್ರ ಬರ್ತೀನ್ರಿ, ಕೆಲಸ ಅಂದ್ರ ಕೆಲಸ" ಎಂದಳು.

ಮದುವೆಯ ದಿನ ಆಕೆ ಇಕ್ಕಳದ ಚೀಲ ಹಿಡಿದು ಬಂದು, ಅರ್ಧ ಗಂಟೆಯಲ್ಲಿ ವೈರು ಎಳೆದು, ತುದಿ ಕಟ್ಟಿ, ಖಾದರನ ಪಕ್ಕ ತಲೆ ಬಗ್ಗಿಸಿ ಕೂತಳು. ಎದುರು ಸಾಲಿನಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟಿದರು. ಖಾದರ ಸ್ಪೀಕರಿನ ಡಬ್ಬಿಯೊಂದನ್ನು ಆ ಕಡೆಗೆ ಸರಿಸಿ ಆಕೆಗೆ ಮರೆ ಮಾಡಿದ.

ಅವ್ವ ಹಿಂದಿನ ಕೋಣೆಯಿಂದ ಶುರು ಮಾಡಿದಳು. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ಕವಿತಾ ಪ್ಲಗ್ಗನ್ನು ಎರಡು ಬೆರಳಲ್ಲಿ ಹಿಡಿದಳು. ಮೂರೂ ಮುಗಿಯಿತು. ಅಕ್ಷತೆ ಬಿತ್ತು. ನಾನು ಬಗ್ಗಿ, "ಕವಿತಾ, ತಗಿ" ಎಂದೆ. ಆಕೆ ಹಿಡಿದೇ ಇದ್ದಳು, ತೆಗೆಯಲಿಲ್ಲ. ನಾಲ್ಕನೆಯ ನುಡಿ ಶುರುವಾಯಿತು.

"ತಗೀ ಬೇಟಾ" ಎಂದ ಖಾದರ.

ಆಕೆ ಬರೀ ತಲೆಯಾಡಿಸಿದಳು. ಕಣ್ಣಲ್ಲಿ ನೀರು.

ನಾಲ್ಕನೆಯದೂ ಹಿಂದಿನಿಂದಲೇ ಮುಗಿಯಿತು. ಈ ಸಲ ಅವ್ವ ಗದರಿಸುವ ಸಾಲನ್ನೂ ಸೇರಿಸಲಿಲ್ಲ. ಐದನೆಯ ನುಡಿಗೆ ಮೊದಲು ಸ್ಪೀಕರಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅಡುಗೆಮನೆಯ ಪಾತ್ರೆಗಳ ಸದ್ದು, ಜನರ ಸದ್ದು, ಅದರ ಮೇಲೆ ಹಾಡು. ಮುಂದಿನ ಸಾಲು ಎರಡು ಕಡೆಯಿಂದ ಕೇಳಿಸಿತು, ಸ್ಪೀಕರಿನಿಂದ ಮತ್ತು ಬಾಗಿಲಿನಿಂದ. ಅವ್ವ ಬಂದು ನಿಂತಿದ್ದಳು. ಆ ಕೋಣೆಯ ಟಿವಿಯಲ್ಲಿ ಆಗಲೂ ಅಂತರಪಟ ಸ್ವಚ್ಛವಾಗಿ ಕಾಣಿಸುತ್ತಿತ್ತಂತೆ. ಅಡುಗೆಯವರು ಆಮೇಲೆ ಹೇಳಿದರು.

ಎಂಟೂ ಮುಗಿದ ಮೇಲೆ ಆಕೆ ನೇರ ಆಂಪ್ಲಿಫೈಯರಿನ ಹತ್ತಿರ ಬಂದಳು. ಕವಿತಾ ಎದ್ದು ನಿಂತಳು.

"ಯಾಕ ತಗೀಲಿಲ್ಲ?"

"ನಾ ಕಟ್ಟಿದ ತುದಿ ರೀ ಅವ್ವಾರ" ಎಂದಳು ಕವಿತಾ. "ಚಿತ್ರ ಭಾಳ ಚಲೋ ಬರಾಕತ್ತಿತ್ತು. ಕೀಳಾಕ ಕೈ ಬರಲಿಲ್ರಿ."

ಅವ್ವ ಆಕೆಯ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದಳು, ಎದುರು ಸಾಲಿನಲ್ಲಿ ಕೂತವರನ್ನು ನೋಡಿದಳು.

"ಹಂಗಾರ ಈ ಸಲ ಪಾಪ ಯಾರದು?"

ಖಾದರ, "ನನ್ನ ಹೆಸರಿಗೆ ಹಾಕ್ರಿ ಅಮ್ಮಾ, ನಂಗೇನು ಅಡ್ಡಿಲ್ಲ" ಎಂದ.

"ನಿನಗ ಯಾಕ? ಇರಲಿ ತಗೋ" ಎಂದಳು ಅವ್ವ. "ಈ ಸಲದ್ದು ನಂದ ಇರಲಿ." ಮೈಕನ್ನು ಖಾದರನ ಕೈಗೆ ಕೊಟ್ಟು ಕವಿತಾಳ ಮೊಣಕೈ ಹಿಡಿದಳು. "ನಡಿ, ಊಟಕ್ಕ. ಮೊದಲನೇ ಪಂಕ್ತಿಗೆ ಕೂಡೋಣ."

"ನಾ ಆಮ್ಯಾಲ ರೀ..."

"ಆಮ್ಯಾಲ ಹೋಳಿಗಿ ಆರಿ ಹೋಗಿರ್ತಾವ. ನಡಿ."

ಇಬ್ಬರೂ ಮುಂದೆ ಹೋದರು. ಮುಕುಂದ ಎರಡು ಎಲೆ ಹಾಕಿಸಿದ.